ಎರಡು ಬಾಗಿಲಿನ ಹೆರಿಗೆ ಮನೆ

ಕಟ್ಟಡ ಬೀಳದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಆರ್ಕಿಟೆಕ್ಟುಗಳು ಚೆಂದದ ಚಿತ್ರ ಬರೆಯುತ್ತಾರೆ. ಅದರ ಗೋಡೆ ಎಷ್ಟು ದಪ್ಪ ಇರಬೇಕು, ತೊಲೆ ಎಷ್ಟು ಭಾರ ಹೊರುತ್ತದೆ, ಭೂಮಿ ನಡುಗಿದರೆ ಯಾವುದು ಮೊದಲು ಮುರಿಯುತ್ತದೆ ಎಂದು ಲೆಕ್ಕ ಹಾಕುವವನು ಸ್ಟ್ರಕ್ಚರಲ್ ಇಂಜಿನಿಯರ್. ಸಾಂಟಾ ಕ್ಲಾರಾದ ಒಂದು ಕಂಪನಿಯಲ್ಲಿ ಈ ಲೆಕ್ಕ ಹಾಕುತ್ತಲೇ ನನ್ನ ತಲೆ ಬೆಳ್ಳಗಾಯಿತು. ಈಗ ನಿವೃತ್ತ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಯಾವ ಪರೀಕ್ಷೆ ಕಟ್ಟಬೇಕು, ಯಾವ ಸಾಫ್ಟ್‌ವೇರು ಕಲಿಯಬೇಕು ಎಂದು ಕೇಳುತ್ತಾರೆ. ಅದನ್ನು ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎನ್ನುವುದರಲ್ಲಿ ನನಗೇ ಆಸಕ್ತಿಯಿಲ್ಲ. ಕೆಲಸ ಅಂದರೆ ಏನು ಎಂದು ನನಗೆ ತಿಳಿದದ್ದು ಕೊನೆಯ ಕೆಲವು ವರ್ಷಗಳಲ್ಲಿ, ಒಂದು ಸಣ್ಣ ಹೆರಿಗೆ ಆಸ್ಪತ್ರೆಯಿಂದ. ಅದನ್ನು ಬರೆದಿಡುತ್ತೇನೆ.

ಮೊದಲೇ ಒಂದು ಮಾತು. ಇದನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಮತ್ತು ನೆನಪನ್ನು ನಾನು ನಂಬುವುದಿಲ್ಲ. ಮೊನ್ನೆ ಈ ಬರಹದ ಮೊದಲ ಪುಟ ಓದಿ ಹೇಳಿದಾಗ ನನ್ನ ಹೆಂಡತಿ ಶಕುಂತಲಾ ಅಡುಗೆಮನೆಯಿಂದಲೇ ಅಂದಳು: "ಅರ್ಧಾ ಖರೆ ಅದ. ಉಳಿದರ್ಧಾ ನೀವು ಮಂದಿ ಮುಂದ ಹೇಳಿ ಹೇಳಿ ಖರೆ ಮಾಡಿದ್ದು." ಇರಬಹುದು. ಎಲ್ಲಿ ಖಾತ್ರಿಯಿಲ್ಲವೋ ಅಲ್ಲಿ ಹಾಗೆಂದೇ ಬರೆಯುತ್ತೇನೆ.

ನನ್ನ ಅಪನಂಬಿಕೆಗೆ ಗುರು ಒಬ್ಬರಿದ್ದರು. ವಾಲ್ಟರ್ ಎಂದು, ನನ್ನ ಮೊದಲ ಮೇಲಧಿಕಾರಿ. ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಇಟ್ಟಿಗೆ ಕಟ್ಟಡಗಳನ್ನು ಭೂಕಂಪಕ್ಕೆ ತಾಳುವಂತೆ ಬಲಪಡಿಸುವ ಕೆಲಸ ಆಗ ಜೋರಾಗಿತ್ತು. ಅಂಥ ಒಂದು ಕಟ್ಟಡದ ಹಳೆಯ ನಕ್ಷೆ ಹಿಡಿದು, ಗೋಡೆ ಪೂರ್ತಿ ಇಟ್ಟಿಗೆಯದು ಎಂದುಕೊಂಡು ನಾನು ಬಹಳ ಹುರುಪಿನಿಂದ ಲೆಕ್ಕ ಮುಗಿಸಿದ್ದೆ. ವಾಲ್ಟರ್ ಲೆಕ್ಕದ ಹಾಳೆ ತಿರುವಿಯೂ ನೋಡಲಿಲ್ಲ. ನನ್ನನ್ನು ಆ ಕಟ್ಟಡಕ್ಕೆ ಕರೆದುಕೊಂಡು ಹೋಗಿ ಕೈಗೆ ಡ್ರಿಲ್ ಕೊಟ್ಟರು. ಕೊರೆದರೆ ಎರಡು ಕಡೆ ಇಟ್ಟಿಗೆಯ ಸಿಪ್ಪೆ, ನಡುವೆ ಕಲ್ಲುಪುಡಿ, ಮರದ ಚೂರು, ಯಾರದೋ ಹರಿದ ಬೂಟು. "ನಕ್ಷೆ ಅಂದರೆ ಹೀಗೆ ಕಟ್ಟಬೇಕು ಅಂತ ಯಾರೋ ಅಂದುಕೊಂಡದ್ದು. ಗೋಡೆ ಅಂದರೆ ಕಟ್ಟಿದ್ದು. ಅಳೆಯದೆ ಏನನ್ನೂ ನಂಬಬೇಡ, ಬಿರಾದಾರ್" ಎಂದರು. ನನ್ನ ಹೆಸರನ್ನು ಅವರು ಅನ್ನುತ್ತಿದ್ದ ರೀತಿ ಬೇರೆ ಇತ್ತು, ಅದನ್ನು ಕನ್ನಡದಲ್ಲಿ ಬರೆಯಲಾಗುವುದಿಲ್ಲ. ಬೂಟು ನಿಜವಾಗಿ ಇತ್ತೇ ಎಂದು ಈಗ ಅನುಮಾನ. ಮಾತು ಮಾತ್ರ ಇತ್ತು.

ಅಳೆಯುವ ವಿಧಾನಗಳು ನನ್ನ ಕಣ್ಣೆದುರೇ ಬದಲಾದವು. ಟೇಪು, ಪೆನ್ಸಿಲ್ಲು ಹೋಗಿ ಕಂಪ್ಯೂಟರ್ ಬಂತು. ಆಮೇಲೆ ಲೇಸರ್ ಬಂತು: ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಗಿರ್ರನೆ ತಿರುಗಿ, ಸುತ್ತಲಿನ ಗೋಡೆ, ಕಂಬ, ಕಿಟಕಿಗಳನ್ನೆಲ್ಲ ಅಳೆದುಬಿಡುವ ಡಬ್ಬಿ. ಅದನ್ನು ನಮ್ಮ ಆಫೀಸಿಗೆ ತಂದವಳು ಮೈಸೂರಿನ ಅನಘಾ. ಮೌಂಟನ್ ವ್ಯೂನಿಂದ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಬರುತ್ತಿದ್ದಳು. "ಸರ್, ನೀವು ಒಂದ್ ದಿನ ಅಳೆಯೋದನ್ನ ಇದು ಕಾಫಿ ಕುಡಿಯೋದ್ರೊಳಗೆ ಅಳೆಯುತ್ತೆ. ನಂಬಿ ಸರ್, ಪ್ಲೀಸ್" ಎನ್ನುತ್ತಿದ್ದಳು. ನಾನು ಡಬ್ಬಿ ಅಳೆದದ್ದನ್ನೂ ಟೇಪು ಹಿಡಿದು ಇನ್ನೊಮ್ಮೆ ಅಳೆಯುತ್ತಿದ್ದೆ. ಇಂಥ ನಮ್ಮಿಬ್ಬರ ಪಾಲಿಗೆ ಅಳೆಯಲು ಏನೂ ಉಳಿದಿರದ ಒಂದು ಕಟ್ಟಡ ಬಂತು.

ತಂದವಳು ಹೊದನ್. ಸೋಮಾಲಿಯಾದವಳು. ಯುದ್ಧ ಶುರುವಾದಾಗ ಮಗುವಾಗಿದ್ದವಳನ್ನು ಎತ್ತಿಕೊಂಡು ಮನೆಯವರು ಓಡಿಬಂದಿದ್ದರು. ಸ್ಯಾನ್ ಹೋಸೆಯಲ್ಲಿ ಬೆಳೆದು, ಆರ್ಕಿಟೆಕ್ಟ್ ಆಗಿ, ಬೇರೆ ಕಂಪನಿಯೊಂದರಲ್ಲಿ ಕಾರ್ ನಿಲ್ಲಿಸುವ ಬಹುಮಹಡಿ ಕಟ್ಟಡಗಳನ್ನು ವಿನ್ಯಾಸ ಮಾಡುತ್ತಿದ್ದಳು. ನಮ್ಮ ಕಂಪನಿಯಲ್ಲಿ ವರ್ಷಕ್ಕೊಂದು ಕೆಲಸವನ್ನು ಸಾರ್ವಜನಿಕ ಸೇವೆಯೆಂದು ಮಾಡಿಕೊಡುವ ಪದ್ಧತಿ ಇತ್ತು. ಅದನ್ನು ಕೇಳಿ ಬಂದಿದ್ದಳು. ಹಿಂದೂ ಮಹಾಸಾಗರದ ದಂಡೆಯಲ್ಲಿ ಅವಳ ಮನೆತನದ ಊರು. ಊರಿನ ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾಳೆ. ಅಲ್ಲಿ ಯಾವ ಜಾಗ ಯಾರದು ಎಂಬ ಜಗಳಗಳು ಇನ್ನೂ ಆರಿಲ್ಲ. ಆ ಊರಿನಲ್ಲಿ ಹವಳದ ಕಲ್ಲು, ಸುಣ್ಣದ ಗಾರೆಯಿಂದ ಕಟ್ಟಿದ್ದ ಒಂದು ಹಳೆಯ ಮನೆ ಇತ್ತು. ಅದರ ಅರ್ಧ ಭಾಗವನ್ನು ಹಿಂದೆ ಯಾರೋ ಊರಿನ ಹೆಂಗಸರ ಹೆರಿಗೆಗೆಂದು ಬಿಟ್ಟುಕೊಟ್ಟಿದ್ದರಂತೆ. ಸೂಲಗಿತ್ತಿಯೊಬ್ಬಳು ಅಲ್ಲೇ ಇರುತ್ತಿದ್ದಳು. ಯುದ್ಧದಲ್ಲಿ ಮನೆ ಬಿತ್ತು, ಆಮೇಲೆ ಬುಲ್ಡೋಜರ್ ಬಂತು. ಉಳಿದದ್ದು ಬರೀ ಕಲ್ಲುಮಣ್ಣಿನ ದಿಬ್ಬ. ಆ ಮನೆಯನ್ನು ಅದೇ ಜಾಗದಲ್ಲಿ ಹೆರಿಗೆ ಆಸ್ಪತ್ರೆಯಾಗಿ ಮತ್ತೆ ಎಬ್ಬಿಸಬೇಕು ಎನ್ನುವುದು ಅವಳ ಹಂಬಲ.

(ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವಳ ಮಾತನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಮೊದಲ ಮೀಟಿಂಗಿನಲ್ಲಿ ನಮ್ಮ ಕಂಪನಿಯ ಪಾಲುದಾರರೊಬ್ಬರು, ಒಳ್ಳೆಯ ಮನುಷ್ಯ, ಹತ್ತು ನಿಮಿಷದಲ್ಲಿ ಪರಿಹಾರ ಹೇಳಿಬಿಟ್ಟರು. ಕಾಂಕ್ರೀಟ್ ಕಂಬ, ಸಿಮೆಂಟ್ ಬ್ಲಾಕು, ತಗಡಿನ ಮಾಡು. "ಬೇಗ ಆಗುತ್ತದೆ. ನಿಮ್ಮ ಸಂಸ್ಕೃತಿ ಕಾಣಬೇಕಲ್ಲ, ಎದುರಿಗೆ ನಾಲ್ಕು ಕಮಾನು ಕೂಡಿಸೋಣ."

ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಕಂಡಿತ್ತು. ಸಂಸ್ಕೃತಿ ಅನ್ನುವುದು ಲೆಕ್ಕ ಮುಗಿದ ಮೇಲೆ ಹಚ್ಚುವ ಬಣ್ಣ ಎಂದು ತಿಳಿದವನು ನಾನು.

ಹೊದನ್ ನಕ್ಕಳು. "ಡಬ್ಬಿಗೆ ಶಾಲು ಹೊದಿಸಿದರೆ ಅದು ಅಜ್ಜಿ ಆಗುತ್ತದೆಯೆ? ಆ ತಗಡಿನ ಕೆಳಗೆ ಮಧ್ಯಾಹ್ನ ಯಾರಾದರೂ ಹೆರಲು ಸಾಧ್ಯವೆ? ನೀವು ಒಂದು ಗಂಟೆ ಮಲಗಿ ತೋರಿಸಿ."

ಪಾಲುದಾರರು ಕೆಂಪಾದರು. ಅವಳು ನನ್ನ ಕಡೆ ತಿರುಗಿದಳು. "ಅದೇರ್, ನಮ್ಮಲ್ಲಿ ಮನೆ ಕಟ್ಟುವವರು ಹೆಂಗಸರು. ಒಂಟೆ ಮೇಯಿಸುತ್ತ ತಿರುಗುವ ನಮ್ಮ ಜನ ಬಗ್ಗಿಸಿದ ಕೊಂಬೆ, ಚಾಪೆಗಳಿಂದ ಗುಂಡಗಿನ ಮನೆ ಮಾಡುತ್ತಾರೆ. ಮದುವೆಯೆಂದರೆ ಹುಡುಗಿಯ ತಾಯಿ, ಬಳಗದ ಹೆಂಗಸರು ಸೇರಿ ಅವಳಿಗೊಂದು ಮನೆ ಹೆಣೆಯುವುದು. ಊರು ಬಿಡುವಾಗ ಅವಳೇ ಅದನ್ನು ಬಿಚ್ಚಿ ಒಂಟೆಗೆ ಹೇರುತ್ತಾಳೆ. ಮನೆ ಅವಳದು, ಗಂಡ ಅಲ್ಲಿರುವ ನೆಂಟ. ಈ ಆಸ್ಪತ್ರೆಯನ್ನು ಆ ಹೆಂಗಸರು ನಮ್ಮದು ಅನ್ನದಿದ್ದರೆ ಒಳಗೆ ಕಾಲಿಡುವುದಿಲ್ಲ."

ಅದೇರ್ ಅಂದರೆ ಸೋಮಾಲಿಯಲ್ಲಿ ಅಪ್ಪನ ಒಡಹುಟ್ಟಿದವನು. ಅಮೆರಿಕದ ಮೀಟಿಂಗಿನಲ್ಲಿ ಯಾರೋ ನನ್ನನ್ನು ಕಾಕಾ ಎಂದು ಕರೆದಂತಾಗಿ ನಾನು ಸುಮ್ಮನೆ ತಲೆಯಾಡಿಸಿದೆ. ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲ ಬೆರಗು ಒಂದು ಮರದಿಂದ ಬಂತು. ಅವಳು ತಂದಿದ್ದ ಹಳೆಯ ಫೋಟೋಗಳಲ್ಲಿ ಅಂಥ ಮನೆಗಳ ಕೋಣೆಗಳೆಲ್ಲ ರೈಲು ಡಬ್ಬಿಯಂತೆ ಉದ್ದ, ಕಿರಿದು. "ಇವರಿಗೆ ಅಗಲದ ಕೋಣೆ ಕಟ್ಟಲು ಬರುತ್ತಿರಲಿಲ್ಲವೆ?" ಎಂದೆ. "ಮಾಡನ್ನು ನೋಡಿ" ಎಂದಳು. ಮಾಡಿಗೆ ಹಾಕಿದ್ದು ಸಮುದ್ರದಂಚಿನ ಕಾಂಡ್ಲಾ ಮರದ ಗಳುಗಳು. ಆ ಮರ ಎಷ್ಟುದ್ದಕ್ಕೆ ನೆಟ್ಟಗೆ ಬೆಳೆಯುತ್ತದೆ, ಮೇಲೆ ಸುಣ್ಣದ ಗಚ್ಚು ಹಾಕಿದರೆ ಎಷ್ಟುದ್ದದವರೆಗೆ ಬಾಗದೆ ಹೊರುತ್ತದೆ ಎಂದು ಲೆಕ್ಕ ಹಾಕಿದೆ. ಬಂದ ಉತ್ತರ ಫೋಟೋದಲ್ಲಿದ್ದ ಕೋಣೆಯ ಅಗಲವೇ. ಇನ್ನೊಂದು ಫೋಟೋ ತೆಗೆದುಕೊಂಡೆ, ಅದೇ ಅಗಲ. ಇಡೀ ಕರಾವಳಿಯ ಮನೆ, ಮಸೀದಿ, ಗೋದಾಮುಗಳ ಅಗಲವನ್ನು ಒಂದು ಮರ ನಿರ್ಧರಿಸಿತ್ತು. ಬಣ್ಣ ಎಂದುಕೊಂಡದ್ದು ಲೆಕ್ಕವೇ ಆಗಿತ್ತು.

ಮನೆಗೆ ಬಂದು ಇದನ್ನು ದೊಡ್ಡ ಶೋಧದಂತೆ ಹೇಳಿದರೆ ಶಕುಂತಲಾ, "ಇದಕ್ಕ ಇಷ್ಟ್ಯಾಕ ಹಾರ್ಯಾಡ್ತೀರಿ? ನಮ್ಮ ಕಡೆ ಮಾಳಗಿ ಮನಿ ಹಂಗ ಅಲ್ಲೇನು? ಜಂತಿ ಎಷ್ಟುದ್ದ ಸಿಗತದೋ ಪಡಸಾಲಿ ಅಷ್ಟ ಅಗಲ. ವಿಜಾಪುರದಾಗ ಹುಟ್ಟಿದವರು ನೀವು" ಎಂದಳು. ಹುಟ್ಟಿದ್ದು ಹೌದು, ಎಂದೂ ಮೇಲೆ ನೋಡಿರಲಿಲ್ಲ.

ಕೋಣೆಯ ಅಗಲ ಸಿಕ್ಕಿತು. ಆದರೆ ಯಾವ ಕೋಣೆ ಎಲ್ಲಿತ್ತು? ನಕ್ಷೆ ಇರಲಿಲ್ಲ. ಸುತ್ತಲಿನ ಮನೆಗಳೂ ನೆಲಸಮವಾಗಿದ್ದವು. ಇದು ಬರೀ ವಿನ್ಯಾಸದ ಪ್ರಶ್ನೆಯೂ ಆಗಿರಲಿಲ್ಲ. ಹೆರಿಗೆಗೆಂದು ಬಿಟ್ಟುಕೊಟ್ಟಿದ್ದ ಅರ್ಧ ಮಾತ್ರ ಊರಿನದು. ಇನ್ನರ್ಧದಲ್ಲಿ ಗಾಜಿನ ಹೋಟೆಲ್ ಕಟ್ಟಲು ಒಬ್ಬ ಗುತ್ತಿಗೆದಾರ ಕಾದಿದ್ದ. ಸೂಲಗಿತ್ತಿಯ ಕೋಣೆ ಯಾವ ಅರ್ಧದಲ್ಲಿತ್ತು ಎನ್ನುವುದನ್ನು ಊರಿನ ಎರಡು ಕೇರಿಗಳ ಹಳಬರೂ ಒಂದೇ ಬಾಯಿಂದ ಹೇಳಬೇಕು, ಹೇಳಿದರೆ ಆ ಜಾಗ ಹೊದನ್‌ಗೆ, ಇಲ್ಲದಿದ್ದರೆ ಎರಡರ್ಧವೂ ಹೋಟೆಲ್ಲಿಗೆ ಎಂದು ಊರ ಹಿರಿಯರು ಫೋನಿನಲ್ಲಿ ತೀರ್ಮಾನ ಹೇಳಿದ್ದರು. ಅವರ ಮುಂದಿನ ಸಭೆಯವರೆಗೆ ಗಡುವು. ಹಳಬರಲ್ಲಿ ಬಹಳ ಮಂದಿ ಜಗತ್ತಿನ ಮೂಲೆಮೂಲೆಗೆ ಚದುರಿದ್ದರು. ಆ ಕೋಣೆಯಲ್ಲಿ ಹೆತ್ತು, ಈಗ ಇಲ್ಲಿ ಬೇ ಏರಿಯಾದಲ್ಲಿರುವ ಇಬ್ಬರು ಮುದುಕಿಯರ ಮಾತೇ ಮುಖ್ಯ ಎಂದಾಯಿತು.

ಒಬ್ಬರು ಫಾದುಮೊ, ಹೊದನ್‌ಳ ಸೋದರತ್ತೆ, ಬೀದಿಯ ಕಡೆಯ ವ್ಯಾಪಾರಿ ಕೇರಿಯವರು. ಇನ್ನೊಬ್ಬರು ಹಲೀಮೊ, ಸಮುದ್ರದ ಕಡೆಯ ಮೀನುಗಾರ ಕೇರಿಯವರು, ಓಕ್‌ಲ್ಯಾಂಡಿನಲ್ಲಿ ಮಗಳ ಮನೆಯಲ್ಲಿದ್ದರು. ಎರಡು ಕೇರಿಗಳ ನಡುವೆ ಯುದ್ಧದಲ್ಲಿ ಆಗಬಾರದ್ದೆಲ್ಲ ಆಗಿತ್ತು. ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಹಾಗಾಗಿ ಹೊದನ್, ಅನಘಾ, ನಾನು ಒಬ್ಬೊಬ್ಬರ ಮನೆಗೇ ಹೋಗಿ ಕೇಳಿದೆವು.

ಅವರ ನೆನಪು ಎಂಥದ್ದು ಅಂತೀರಿ! ಅಂಗಳದ ಬಾವಿಯ ಕಟ್ಟೆಯಲ್ಲಿ ಹಗ್ಗ ಉಜ್ಜಿ ಬಿದ್ದ ಗೀರುಗಳು, ಗೋಡೆಯ ಗೂಡಿನಲ್ಲಿ ಇಡುತ್ತಿದ್ದ ಧೂಪದ ಮಣ್ಣಿನ ಪಾತ್ರೆ, ಹೊಸ್ತಿಲು ದಾಟುವಾಗ ಪಾದಕ್ಕೆ ತಾಗುತ್ತಿದ್ದ ತಣ್ಣನೆಯ ಕಲ್ಲು. ಫಾದುಮೊ ಹೇಳಿದ್ದನ್ನೆಲ್ಲ ಹಲೀಮೊ ಬೇರೆ ಮಾತುಗಳಲ್ಲಿ ಹೇಳಿದರು. ಅಂಗಳ ಕೂಡಿತು, ಬಾವಿ ಕೂಡಿತು. "ಒಂದು ಹಿಂಬಾಗಿಲೂ ಇತ್ತು" ಎಂದು ಇಬ್ಬರೂ ಹೇಳಿದರು. ನಾವು ಮಾತ್ರ ಮುಖ್ಯ ಪ್ರಶ್ನೆಯನ್ನು ಇಬ್ಬರಿಗೂ ಒಂದೇ ರೀತಿ ಕೇಳಿದೆವು: ಬಾಗಿಲು ದಾಟಿ ಒಳಗೆ ಬಂದರೆ ಸೂಲಗಿತ್ತಿಯ ಕೋಣೆ ಯಾವ ಕಡೆ?

"ಎಡಕ್ಕೆ" ಎಂದರು ಫಾದುಮೊ.

"ಬಲಕ್ಕೆ" ಎಂದರು ಹಲೀಮೊ.

ಮತ್ತೆ ಕೇಳಿದೆವು. ಮತ್ತೆ ಅದೇ. ನಿಮಗೆ ಈಗಲೇ ಏನೋ ಹೊಳೆದಿರಬಹುದು. ಕಟ್ಟಡವೇ ಕಸುಬಾದ ನಮಗೆ ಮೂವರಿಗೂ ಹೊಳೆಯಲಿಲ್ಲ. ಮನೆಗೆ ಮುಂಬಾಗಿಲು ಒಂದೇ, ಅದು ಬೀದಿಗೆ ಇರುತ್ತದೆ ಎಂಬುದನ್ನು ನಾವು ಯೋಚಿಸಿ ತೀರ್ಮಾನಿಸಿದ್ದಲ್ಲ. ಅದು ಗಾಳಿಯ ಹಾಗೆ ನಮ್ಮ ಸುತ್ತ ಇತ್ತು.

ಸುದ್ದಿ ಹೊರಬಿತ್ತು. ಹೊದನ್ ತನ್ನ ಅತ್ತೆ ಹೇಳಿದ ಕಡೆಗೆ ಗೋಡೆ ಎಳೆಯುತ್ತಿದ್ದಾಳೆ, ಮೀನುಗಾರ ಕೇರಿಯ ಜಾಗ ನುಂಗುವ ಹುನ್ನಾರ ಇದು ಎಂದು ಫೋನುಗಳಲ್ಲಿ ಧ್ವನಿ ಸಂದೇಶಗಳು ಓಡಾಡಿದವು. ಒಂದನ್ನು ಹೊದನ್ ನನಗೆ ಕೇಳಿಸಿದಳು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ. ಅವಳು ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ನಿಂತಿದ್ದಳು. "ಅದೇರ್, ಕಟ್ಟದಿದ್ದರೂ ಪರವಾಗಿಲ್ಲ. ಆದರೆ ನನ್ನಿಂದ ಇನ್ನೊಂದು ಜಗಳ ಶುರುವಾದರೆ ಆ ಊರಿಗೆ ನಾನು ಯಾವತ್ತೂ ಕಾಲಿಡಲಾರೆ."

"ಇಬ್ಬರಲ್ಲಿ ಒಬ್ಬರ ನೆನಪು ತಪ್ಪಿದೆ. ವಯಸ್ಸಾದವರು, ಸಹಜ" ಎಂದೆ.

"ನೀವು ನಮ್ಮವರನ್ನು ಬಲ್ಲಿರಾ? ನಮ್ಮ ಭಾಷೆಗೆ ಲಿಪಿ ಬಂದದ್ದೇ ನನ್ನ ಅಮ್ಮನ ಕಾಲದಲ್ಲಿ. ಅದಕ್ಕೂ ಮೊದಲು ಕವಿತೆ, ಕರಾರು, ವಂಶ, ಎಲ್ಲವೂ ತಲೆಯಲ್ಲೇ. ಅವರು ತಪ್ಪಲು ಸಾಧ್ಯ, ಇಲ್ಲ ಅನ್ನುವುದಿಲ್ಲ. ಆದರೆ ಮಕ್ಕಳನ್ನು ಹೆತ್ತ ಜಾಗವನ್ನು ತಪ್ಪುತ್ತಾರೆಯೆ?"

ನನಗೆ ವಾಲ್ಟರ್ ಕಲಿಸಿದ್ದು ಗೋಡೆ ಕೊರೆಯುವುದನ್ನು. ಇಲ್ಲಿ ಕೊರೆಯಲು ಗೋಡೆಯೇ ಇರಲಿಲ್ಲ.

ಮನೆಯನ್ನು ನೆಲದ ಮೇಲೆ ಅದರ ನಿಜವಾದ ಅಳತೆಯಲ್ಲೇ ಬರೆದು ಮುದುಕಿಯರನ್ನು ಅದರಲ್ಲಿ ನಡೆಸೋಣ ಎನ್ನುವ ಉಪಾಯ ಯಾರದು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ವ್ಯಾಜ್ಯವಿದೆ. ನನ್ನದು ಎಂದು ನನಗೆ ನೆನಪು. "ರಂಗೋಲಿ ಅಂದಾಕಿ ಯಾರು? ನಿಮಗ ರಂಗೋಲಿ ಪುಡಿ ಎಲ್ಲಿ ಸಿಗತದಂತ ಗೊತ್ತಿತ್ತೇನು?" ಎನ್ನುತ್ತಾಳೆ ಶಕುಂತಲಾ. ಎಲ್ ಕಮಿನೋ ರಿಯಲ್‌ನ ಗ್ರೋಸರಿಯಲ್ಲಿ ಸಿಗುತ್ತದೆ. ಇದ್ದ ಪೊಟ್ಟಣಗಳನ್ನೆಲ್ಲ ಅವಳು ತಳ್ಳುಗಾಡಿಗೆ ತುಂಬಿದಾಗ ಅಂಗಡಿಯಾಕೆ ಯಾರ ಮದುವೆ ಎಂದು ಕೇಳಿದರಂತೆ.

ಭಾನುವಾರ ಸಾಂಟಾ ಕ್ಲಾರಾದ ಒಂದು ಸಮುದಾಯ ಭವನದ ಪಾರ್ಕಿಂಗ್ ಜಾಗ ಬಾಡಿಗೆಗೆ ಸಿಕ್ಕಿತು. ಅನಘಾ ಲೇಸರ್ ಹಿಡಿದು ಮೂಲೆಗಳನ್ನು ಗುರುತಿಸಿದಳು. ಶಕುಂತಲಾ ಸೆರಗು ಸಿಕ್ಕಿಸಿ ಬೆರಳ ಸಂದಿಯಿಂದ ಪುಡಿ ಬಿಡುತ್ತ ಗೋಡೆ ಎಳೆದಳು. ಒಂದು ತುದಿಯಲ್ಲಿ ಬೀದಿ, ಇನ್ನೊಂದು ತುದಿಯಲ್ಲಿ ಸಮುದ್ರ, ನಡುವೆ ಅಂಗಳ. ಅಂಗಳದ ಎರಡೂ ಬದಿಗೆ ಕೋಣೆಗಳ ಗೆರೆ ಎಳೆದು, ಹೆಸರು ಬರೆಯದೆ ಬಿಟ್ಟೆವು. ಸೋಮಾಲಿ ಕುಟುಂಬಗಳು ಏಲಕ್ಕಿ ಹಾಕಿದ ಚಹಾದ ಫ್ಲಾಸ್ಕುಗಳು, ಸಮೋಸಾದಂಥ ಸಂಬೂಸಗಳೊಂದಿಗೆ ಬಂದು ಎರಡು ಗುಂಪಾಗಿ ನಿಂತವು. ಸಭೆ ನಡೆಸಲು ಎರಡೂ ಗುಂಪಿನವರಿಗೆ ಒಪ್ಪಿಗೆಯಾದ ನೂರ್ ಎಂಬ ಹಿರಿಯರು ಊರುಗೋಲು ಊರಿ ಬಂದು ನೋಡಿ, "ಮನೆ ಎಲ್ಲಿ? ಬರೀ ಹಿಟ್ಟು ಚೆಲ್ಲಿದ್ದೀರಿ" ಎಂದರು. ಬೆನ್ನಿಗೇ ಕೊಲ್ಲಿಯ ಗಾಳಿ ಬೀಸಿ ಒಂದು ಗೋಡೆ ಅರ್ಧ ಹಾರಿಹೋಯಿತು. "ನೋಡಿ, ಇದೂ ಬಿತ್ತು" ಎಂದರು. ಎರಡೂ ಗುಂಪಿನವರು ನಕ್ಕರು, ಬೇರೆ ಬೇರೆಯಾಗಿ.

ಮೊದಲು ಫಾದುಮೊ. ಬೀದಿಯ ಬಾಗಿಲಿನ ಗೆರೆಯ ಮುಂದೆ ನಿಂತರು. ಚಪ್ಪಲಿ ಬಿಟ್ಟರು. ಆಮೇಲೆ ತಲೆ ತಗ್ಗಿಸಿದರು. ಅಲ್ಲಿ ಬಾಗಿಲಿರಲಿಲ್ಲ, ಮೇಲೆ ಬರೀ ಆಕಾಶ. ಆ ಬಾಗಿಲು ಗಿಡ್ಡಗಿತ್ತು ಎಂದು ಅವರು ನಮಗೆ ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ. ಅವರ ಕತ್ತಿಗೆ ಗೊತ್ತಿತ್ತು. ಅನಘಾ ನನ್ನ ತೋಳು ಹಿಡಿದು, "ಸರ್, ಡೋರ್ ಹೈಟು" ಎಂದು ಪಿಸುಗುಟ್ಟಿದಳು. ಫಾದುಮೊ ಅಂಗಳಕ್ಕೆ ಬಂದು, ಬಾವಿಯಿರಬೇಕಾದ ಕಡೆ ಸುತ್ತು ಹಾಕಿ, ಎಡಕ್ಕೆ ತಿರುಗಿ ಕೋಣೆ ಹೊಕ್ಕು, ಮೂಲೆಯಲ್ಲಿ ಟಾರಿನ ಮೇಲೆ ಕೂತರು.

"ಇಲ್ಲಿ" ಎಂದರು.

ಮೀನುಗಾರ ಕೇರಿಯವರ ಗುಂಪಿನಲ್ಲಿ ಗುಜುಗುಜು ಎದ್ದಿತು. ಹೊದನ್ ಕಣ್ಣು ಮುಚ್ಚಿಕೊಂಡಿದ್ದಳು. ನೂರ್ ಊರುಗೋಲಿನಿಂದ ನೆಲ ಕುಟ್ಟಿ ಹಲೀಮೊ ಅವರನ್ನು ಕರೆದರು.

ಹಲೀಮೊ ಬಂದರು. ಬೀದಿಯ ಬಾಗಿಲ ಮುಂದೆ ನಿಲ್ಲಲಿಲ್ಲ. ರಂಗೋಲಿಯನ್ನು ಬಳಸಿಕೊಂಡು, ಗೋಡೆಯ ಹೊರಗೇ ನಡೆಯುತ್ತ ಹೋದರು. "ಅಜ್ಜಿ, ಈ ಕಡೆ, ಡೋರ್ ಈ ಕಡೆ" ಎಂದು ಅನಘಾ ಕನ್ನಡದಲ್ಲೇ ಕೂಗಿದಳು. ಅವರು ತಿರುಗಿ ನೋಡಲಿಲ್ಲ. ಮನೆಯ ಇನ್ನೊಂದು ತುದಿಗೆ, ನಾವು ಹಿಂಬಾಗಿಲು ಎಂದು ಗುರುತು ಹಾಕಿದ್ದಲ್ಲಿಗೆ ಹೋಗಿ ನಿಂತರು. ಬೆನ್ನಿಗೆ ಸಮುದ್ರ. ನಿಲುವಂಗಿಯನ್ನು ತುಸು ಎತ್ತಿ, ಬಗ್ಗಿ, ಇಲ್ಲದ ಕೊಡದಿಂದ ಇಲ್ಲದ ನೀರು ಮೊಗೆದು ಒಂದು ಪಾದಕ್ಕೆ, ಆಮೇಲೆ ಇನ್ನೊಂದಕ್ಕೆ ಹೊಯ್ದುಕೊಂಡರು. ಮರಳು ತೊಳೆದುಕೊಳ್ಳುತ್ತಿದ್ದರು. ಆಮೇಲೆ ತಲೆ ತಗ್ಗಿಸಿ ಒಳಗೆ ಬಂದರು. ಅಂಗಳ ದಾಟುತ್ತ ಬಲಕ್ಕೆ ತಿರುಗಿದರು.

ಬಲಕ್ಕೆ ತಿರುಗಿದವರು ಫಾದುಮೊ ಅವರ ಎದುರಿಗೇ ಬಂದು ನಿಂತಿದ್ದರು.

ಹಲೀಮೊ ಮೆಲ್ಲಗೆ ಮಂಡಿಯೂರಿ ಅದೇ ಮೂಲೆಯಲ್ಲಿ ಕೂತು, ಅಂಗೈಯಿಂದ ಟಾರು ತಟ್ಟಿದರು. "ಇಲ್ಲಿ. ನನ್ನ ಮಕ್ಕಳೆಲ್ಲ ಇಲ್ಲಿ." ಹೊದನ್ ನಮಗೆ ಅನುವಾದಿಸುತ್ತಿದ್ದಳು.

"ನನ್ನವರೂ ಇಲ್ಲೇ" ಎಂದರು ಫಾದುಮೊ. ಆಮೇಲೆ ಹಲೀಮೊ ಅವರ ಮುಖವನ್ನೇ ನೋಡುತ್ತ ಫಾದುಮೊ, "ಅಯ್ಯೋ, ನೀನು ಹಿಂಬಾಗಿಲಿಂದ ಬಂದೆಯಲ್ಲೇ" ಎಂದರು.

"ಹಿಂಬಾಗಿಲಿಂದ ಬಂದವಳು ನೀನು" ಎಂದರು ಹಲೀಮೊ. "ನಾನು ಬಂದದ್ದು ಮುಂಬಾಗಿಲಿಂದ. ದೋಣಿ ಇಳಿದರೆ ಎದುರಿಗೇ ಅದು."

ಆಗ ಆ ಪಾರ್ಕಿಂಗ್ ಜಾಗದಲ್ಲಿ ದೊಡ್ಡ ಮೌನ ಕವಿಯಿತು, ಎರಡು ಕೇರಿಗಳ ಜನ ಉಸಿರು ಬಿಗಿಹಿಡಿದು ನಿಂತಿದ್ದರು ಎಂದು ನಾನು ಅನೇಕರಿಗೆ ಹೇಳಿದ್ದೇನೆ. ಇದನ್ನು ಬರೆಯುವ ಮುಂಚೆ ಅನಘಾ ತೆಗೆದಿದ್ದ ವಿಡಿಯೋ ತರಿಸಿ ನೋಡಿದೆ. ಮೌನ ಎಲ್ಲಿಯೂ ಇಲ್ಲ. ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಾರೆ, ಯಾರೋ ಅಳುತ್ತಿದ್ದಾರೆ, ನೂರ್ ಊರುಗೋಲು ಮೇಲೆತ್ತಿ ಏನೋ ಹೇಳುತ್ತಿದ್ದಾರೆ. ಎಲ್ಲರಿಗಿಂತ ಗಟ್ಟಿಯಾಗಿ, ಕನ್ನಡದಲ್ಲಿ, "ಒಂದೇ ಜಾಗ! ಒಂದೇ ಜಾಗ!" ಎಂದು ಕೈ ಎತ್ತಿ ಕುಣಿಯುತ್ತಿರುವವನು ನಾನು. ನನ್ನ ತಲೆ ಮಾತ್ರ ಅದನ್ನು ಮೌನವೆಂದು ಇಟ್ಟುಕೊಂಡಿತ್ತು. ಮೂಲೆಯಲ್ಲಿ ಮುದುಕಿಯರಿಬ್ಬರು ಒಬ್ಬರ ಮೊಣಕಾಲಿನ ಮೇಲೆ ಒಬ್ಬರು ಕೈಯಿಟ್ಟು ಕೂತಿರುವುದು ವಿಡಿಯೋದಲ್ಲೂ ಇದೆ.

ಊರ ಸಭೆಯ ದಿನ ಇಬ್ಬರೂ ಒಂದೇ ಫೋನಿನ ಮುಂದೆ ಕೂತರು, ಫಾದುಮೊ ಅವರ ಮನೆಯಲ್ಲಿ. ಅಲ್ಲಿ ಸಾಕ್ಷಿ ಹೇಳುವವರು ಮೊದಲು ತಮ್ಮ ಹೆಸರು, ಅಪ್ಪನ ಹೆಸರು, ಅವನಪ್ಪನ ಹೆಸರು ಎಂದು ತಲೆಮಾರುಗಳನ್ನು ಹೇಳುತ್ತ ಹೋಗುತ್ತಾರೆ. ಹಲೀಮೊ ತಮ್ಮದನ್ನು ಹೇಳಿ ಮುಗಿಸಿ, ಉಸಿರು ತೆಗೆದುಕೊಂಡು, ಫಾದುಮೊ ಅವರ ತಲೆಮಾರುಗಳನ್ನೂ ಒಂದೂ ತಡವರಿಸದೆ ಹೇಳಿದರು. ಇಂಥವರ ಮಗಳು ಹೇಳುವುದು ನಿಜ, ನಾನೂ ಅದನ್ನೇ ಹೇಳುತ್ತೇನೆ ಎಂದರು. ಹೀಗೆ ಇನ್ನೊಬ್ಬರ ತಲೆಮಾರು ಹೇಳುವುದೂ ಪದ್ಧತಿಯೇ ಎಂದು ಹೊದನ್‌ಳನ್ನು ಕೇಳಿದೆ. "ಅಲ್ಲ. ಅವರಾಗಿ ಹೇಳಿದ್ದು. ಜಗಳವಾಡಿದ ಮನೆತನದ ಹೆಸರುಗಳನ್ನು ಇಷ್ಟು ಕಾಲ ತಲೆಯಲ್ಲಿ ಇಟ್ಟುಕೊಂಡಿದ್ದಾರೆ ನೋಡಿ" ಎಂದಳು. ಕಾರಿನಲ್ಲಿ ಬರುತ್ತ ನನ್ನ ತಲೆಮಾರುಗಳನ್ನು ಹೇಳಿಕೊಳ್ಳಲು ನೋಡಿದೆ. ಅಜ್ಜನ ಅಪ್ಪನಲ್ಲಿಗೆ ನಿಂತುಹೋಯಿತು. ಅವನ ಹೆಸರೂ ಬಸಪ್ಪನೋ ಬಸಣ್ಣನೋ ಖಾತ್ರಿಯಿಲ್ಲ.

ಜಾಗ ಸಿಕ್ಕಿತು. ಕಟ್ಟುವ ಕಾಲದ ತಾಪತ್ರಯಗಳನ್ನು ಬೇರೆಯವರು ಬರೆಯಲಿ. ಹವಳದ ಕಲ್ಲು ತೆಗೆಯುವುದು ಸಮುದ್ರಕ್ಕೆ ಒಳ್ಳೆಯದಲ್ಲ, ಕಾಂಡ್ಲಾ ಕಡಿಯುವುದೂ ಅಲ್ಲ. ಸುಣ್ಣಕಲ್ಲು ಬಳಸಿದೆವು, ಮಾಡಿಗೆ ಬೆಳೆಸಿದ ಮರ ತಂದೆವು, ಕೋಣೆಯ ಅಗಲವನ್ನು ಹಾಗೇ ಇಟ್ಟೆವು. ಸುಣ್ಣದ ಗಾರೆಯ ದಪ್ಪ ಗೋಡೆಗೆ ನಾನೇ ಲೆಕ್ಕ ಹಾಕಿ ಸಹಿ ಮಾಡಿದೆ. ಅದೇ ಪಾಲುದಾರರು ನನ್ನ ಲೆಕ್ಕವನ್ನು ಮೂರು ಸಲ ಪರೀಕ್ಷಿಸಿ, ಕೊನೆಗೆ ಬೆನ್ನು ತಟ್ಟಿದರು. ಅಂಗಳದ ಮೇಲಿನ ನೆರಳಿಗೆ ಊರಿನ ಹೆಂಗಸರೇ ಕೊಂಬೆ ಬಗ್ಗಿಸಿ ಚಾಪೆ ಹೆಣೆದರು. ಎರಡು ಬಾಗಿಲುಗಳನ್ನೂ ಹೊದನ್ ಒಂದೇ ಎತ್ತರ, ಒಂದೇ ಅಗಲ ಇಟ್ಟಳು. ಎರಡೂ ಗಿಡ್ಡ.

ನಿವೃತ್ತನಾದ ಮೇಲೆ ಅವಳ ಜೊತೆ ಅಲ್ಲಿಗೆ ಹೋದೆ. ಶಕುಂತಲಾ ಬೇಡವೆಂದಳು, ಆಮೇಲೆ ಚಟ್ನಿಪುಡಿ ಕಟ್ಟಿಕೊಟ್ಟಳು. ಬೀದಿಯಲ್ಲಿ ಕಾರಿನಿಂದ ಇಳಿದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ತಲೆ ತಗ್ಗಿಸಿ ಒಳಗೆ ಹೋದೆ. ಒಳಗೆ ತಂಪು. ಯಂತ್ರದ ತಂಪಲ್ಲ, ನೆಲ, ಗೋಡೆ ಒಟ್ಟಿಗೆ ಉಸಿರಾಡುವಂಥ ತಂಪು. ಚಾಪೆಯ ಸಂದಿಯಿಂದ ಬಂದ ಬೆಳಕು ಅಂಗಳದಲ್ಲಿ ಕಾಳು ಚೆಲ್ಲಿದಂತೆ ಬಿದ್ದಿತ್ತು. ಸಮುದ್ರದ ಬಾಗಿಲಿಂದ ಗಾಳಿ ಬಂದು ಬೀದಿಯ ಬಾಗಿಲಿಂದ ಹೋಗುತ್ತಿತ್ತು. ಇದಿಷ್ಟನ್ನೂ ನಾನು ಲೆಕ್ಕದಲ್ಲಿ ಬಲ್ಲೆ. ಆದರೂ ಗೋಡೆಗೆ ಕೈಯಿಟ್ಟು ನೋಡಿದೆ. ಇದು ಗಾಳಿ ಹಾರಿಸಿದ ರಂಗೋಲಿಯಲ್ಲ, ಕೈಗೆ ತಾಗುತ್ತಿತ್ತು, ತಣ್ಣಗಿತ್ತು. ಅಭ್ಯಾಸಬಲದಿಂದ ಜೇಬಿನಿಂದ ಟೇಪು ತೆಗೆದೆ.

ಆ ಹೊತ್ತಿಗೆ ಹೊರಗೆ ಗದ್ದಲವಾಯಿತು. ನೋವು ತಿನ್ನುತ್ತಿದ್ದ ಒಬ್ಬಳನ್ನು ಇಬ್ಬರು ಹೆಂಗಸರು ತೋಳು ಹಿಡಿದು ಕರೆತರುತ್ತಿದ್ದರು. ಯಾವ ಕಡೆಯಿಂದ ಬಂದರೆಂದು ನಾನು ನೋಡಲಿಲ್ಲ. ಬಿಳಿ ನಿಲುವಂಗಿಯ ದಾದಿ ಕೋಣೆಯಿಂದ ಧಾವಿಸಿ ಬಂದು, ಟೇಪು ಹಿಡಿದು ನಡು ಅಂಗಳದಲ್ಲಿ ನಿಂತ ನನ್ನನ್ನು ಕಂಡು ಕೈ ಬೀಸಿ ಏನೋ ಗದರಿದರು.

"ಅದೇರ್, ಗಂಡಸರು ಹೊರಗೆ ಹೋಗಬೇಕು, ಬೇಗ" ಎಂದಳು ಹೊದನ್.

ನಾನು ಗಾಬರಿಯಲ್ಲಿ ಆ ಕಡೆ, ಈ ಕಡೆ ನೋಡಿದೆ. "ಹಿಂಬಾಗಿಲಿಂದ ಹೋಗಲೇ?"

ಹೊದನ್ ಅದನ್ನು ಸೋಮಾಲಿಯಲ್ಲಿ ಹೇಳಿದಳು. ದಾದಿ ಆ ಹೆಂಗಸಿನ ಸೊಂಟಕ್ಕೆ ಕೈ ಹಾಕಿ ಕೋಣೆಯ ಕಡೆ ನಡೆಸುತ್ತಲೇ, ಹೊರಗಿನವರಿಗೆ ಊರಿನ ಸಂಗತಿ ತಿಳಿಸುವ ದನಿಯಲ್ಲಿ ಉತ್ತರ ಕೊಟ್ಟರು.

"ಈ ಮನೆಗೆ ಹಿಂಬಾಗಿಲು ಇಲ್ಲವಂತೆ" ಎಂದಳು ಹೊದನ್.

ಹತ್ತಿರವಿದ್ದ ಬಾಗಿಲಲ್ಲಿ ತಲೆ ತಗ್ಗಿಸಿ ಹೊರಬಿದ್ದೆ. ಎದುರಿಗೆ ಸಮುದ್ರ.